ಮೂರು ವಾಟಿನ ಸಂಸಾರ

ಹಾಕಿದ ಕೂಡಲೇ ಹಾಡುವ ಜಾತಿಯದಲ್ಲ ಇದು.
ಸ್ವಿಚ್ಚು ಒತ್ತಿ, ಒಲೆಯ ಮೇಲೆ
ತಾಮ್ರದ ಕಾಫಿಪಾತ್ರೆ ಇಟ್ಟು ಬಂದರೆ
ಅದು ಉಕ್ಕುವ ಹೊತ್ತಿಗೆ
ಗಾಜಿನೊಳಗೆ ಒಂದು ಕೆಂಪು ಎಳೆ,
ನಿದ್ದೆಗಣ್ಣು ಬಿಟ್ಟಂತೆ.
‘ಇಪ್ಪತ್ತು ನಿಮಿಷ ತಡಿ’ ಎನ್ನುತ್ತಾನೆ ಸ್ಲಾವೊಲ್ಯುಬ್.
ಇಪ್ಪತ್ತೆರಡು ವರ್ಷದಿಂದ ಎನ್ನುತ್ತಿದ್ದಾನೆ.
ನಾನು ಹತ್ತಕ್ಕೇ ರೆಕಾರ್ಡು ಹಾಕುತ್ತೇನೆ.

ನಾಲ್ಕನೇ ಮಹಡಿ. ಕಿಟಕಿಯಾಚೆ ನಿಶಾವಾ ನದಿ,
ನದಿಯಾಚೆ ನಾನು ದುಡಿದ ವಾಲ್ವಿನ ಕಾರ್ಖಾನೆ,
ಈಗ ಅದರ ಸೂರಿನಲ್ಲಿ ಪಾರಿವಾಳ.
ಭೂತಗನ್ನಡಿಯ ಕೆಳಗೆ
ಕೂದಲಿಗಿಂತ ಸಣ್ಣ ತಂತಿ ಸುತ್ತಿದ ಬೆರಳು ಇವು.
ಕೆಮ್ಮಿದರೆ ಕೆಟ್ಟಿತು. ನಕ್ಕರೆ ಕೆಟ್ಟಿತು.
ನಗು ತಡೆಯಲಾಗದಾಗ ಬೆಂಚಿನ ನಾಲ್ವರೂ
ಎರಡೂ ಕೈ ಮೇಲೆತ್ತಿ ನಗುತ್ತಿದ್ದೆವು,
ಪೊಲೀಸರಿಗೆ ಶರಣಾದವರ ಹಾಗೆ.

ಬೀಗ ಬಿದ್ದ ವರ್ಷ ಸಂಬಳ ಕೊಡಲಿಲ್ಲ,
ತಲೆಗೆರಡು ಪೆಟ್ಟಿಗೆ ವಾಲ್ವು ಕೊಟ್ಟರು.
ವುಕೊಸಾವಾ ಸಂತೆಯಲ್ಲಿ ಮಾರಿ ಸೌದೆ ಕೊಂಡಳು.
ನಾನೂ ಒಂದು ಮಾರಿದೆ: ಹಿಟ್ಟು, ಎಣ್ಣೆ, ಮಗಳಿಗೆ ಬೂಟು.
ಇನ್ನೊಂದನ್ನು ಇವನು ಮಂಚದಡಿ ಬಚ್ಚಿಟ್ಟಿದ್ದ.
ಸಿಕ್ಕಿಬಿದ್ದಾಗ ಹೇಳಿದ್ದು:
‘ಇವಕ್ಕೊಂದು ಮನೆ ಕಟ್ಟುತ್ತೇನೆ.’
ಕಟ್ಟಿದ. ಸತ್ತ ಟಿ.ವಿ.ಯ ತಗಡು,
ನನ್ನ ಹಿಟ್ಟು ನಾದುವ ಮಣೆ,
ಮೂರು ವಾಟು.

‘ಒಂದು ಕಡೆಗೆ ಒಂದೇ ವಾಲ್ವು,’ ಅಂದು ವಿವರಿಸಿದ್ದ,
‘ಅಲೆಯ ಏರನ್ನೂ ಇದೇ ಹೊರಬೇಕು, ಇಳಿತವನ್ನೂ ಇದೇ.
ಉಳ್ಳವರ ಮನೆಯಲ್ಲಿ ಇಬ್ಬರು ಆಳು,
ಒಬ್ಬ ನೂಕಿದರೆ ಒಬ್ಬ ಎಳೆಯುತ್ತಾನೆ.
ಇದಕ್ಕೆ ಆ ಸುಖವಿಲ್ಲ.
ಹಾಡಿಲ್ಲದಾಗಲೂ ಅರ್ಧ ಹೊರೆ ಹೊತ್ತೇ ನಿಂತಿರುತ್ತೆ.’
ನಾನು ಪಾತ್ರೆ ತೊಳೆಯುತ್ತಿದ್ದೆ.
‘ಗೊತ್ತು’ ಅಂದೆ.

ಮೂರು ವಾಟಿಗೆ ಸಾಧಾರಣ ಸ್ಪೀಕರು ಬಾಯಿ ಬಿಡುವುದಿಲ್ಲವಂತೆ.
ಮುಚ್ಚಿದ ಸಿನಿಮಾ ಮಂದಿರದಿಂದ ಎರಡು ತಂದ,
ತುತ್ತೂರಿ ಬಾಯಿ, ಬೀರುವಿನ ಮೈ.
ಮೆಟ್ಟಿಲಲ್ಲಿ ತಿರುಗಲಿಲ್ಲ. ಬಾಲ್ಕನಿಗೆ ಹಗ್ಗ ಕಟ್ಟಿ ಎಳೆದರು,
ಕೆಳಗೆ ಇಡೀ ಬೀದಿ ಸಲಹೆ ಕೊಡುತ್ತ ನಿಂತಿತ್ತು.
ಅಂದು ಊಟದ ಮೇಜು ಅಡುಗೆಮನೆಗೆ ಹೋಯಿತು,
ಹೊಲಿಗೆ ಯಂತ್ರ ಮಗಳ ಮನೆಗೆ.
ಎಡಗಡೆಯ ಸ್ಪೀಕರಿಗೆ ನನ್ನ ಕೋಟು ತೂಗುಹಾಕುತ್ತೇನೆ.
ಅವನು ತೆಗೆಯುತ್ತಾನೆ. ನಾನು ತೂಗುಹಾಕುತ್ತೇನೆ.
ಸೆಪ್ಟೆಂಬರಿನಲ್ಲಿ, ಕೆಂಪು ಮೆಣಸಿನಕಾಯಿ ಸುಟ್ಟು
ಸಿಪ್ಪೆ ಸುಲಿಯುವ ವಾರ,
ಬೀಜ ಒಣಗುವುದು ಟ್ರಾನ್ಸ್‌ಫಾರ್ಮರಿನ ನೆತ್ತಿಯ ಮೇಲೆ,
ಅವನಿಗೆ ತಿಳಿಯದ ಹಾಗೆ.
ಅವನಿಗೆ ತಿಳಿದಿದೆ.

ಮತ್ತೆ, ಆ ಗುಂಯ್.
ಹಾಡು ಮುಗಿದು ಮುಳ್ಳು ಎದ್ದ ಮೇಲೆ
ಮೌನಕ್ಕೆ ತೆಳ್ಳಗೆ ಬೆಣ್ಣೆ ಸವರಿದ ಹಾಗೆ.
ಎಷ್ಟೋ ಚಳಿಗಾಲ ಅದರ ಬೆನ್ನು ಹತ್ತಿದ,
ತಂತಿ ಹೆಣೆದ, ಬಿಚ್ಚಿದ, ಬೆಸುಗೆ ಕಿತ್ತ,
ಕರೆಂಟಿನ ಇಲಾಖೆಯನ್ನು ಬೈದ, ನನ್ನನ್ನು, ತನ್ನನ್ನು.
ಹೋದ ಮಾರ್ಚಿನ ಒಂದು ಸಂಜೆ
ಮುಖವೆಲ್ಲ ಅರಳಿಸಿಕೊಂಡು ಬಂದ:
‘ದ್ರಾಗಿನ್ಯಾ, ಹೋಯಿತು! ಬಾ, ಕೇಳು, ಹೋಯಿತು!’
ಕೈ ಒರೆಸಿಕೊಂಡು ಹೋಗಿ ನಿಂತೆ.
ಅದು ಅಲ್ಲೇ ಇತ್ತು.
ನಿನ್ನೆಯಷ್ಟೇ ದಪ್ಪ.

ಗಡಿಯಾರದ ಟಿಕ್ಕು, ಕುದಿವ ನೀರು, ಬಾಗಿಲ ಗಂಟೆ,
ಎಲ್ಲಕ್ಕೂ ನಾನೇ ಓಡುತ್ತಿದ್ದೆ ಎಂದಿನಿಂದಲೋ,
ಸೋಮಾರಿ ಗಂಡ ಅಂದುಕೊಂಡಿದ್ದೆ.

‘ಹೌದು,’ ಅಂದೆ, ‘ಪೂರಾ ಹೋಗಿದೆ.’

ಈಗ ಅವನು ತುತ್ತೂರಿಯ ಬಾಯಿಗೆ ಅಂಗೈ ಒಡ್ಡಿ ಕೂರುತ್ತಾನೆ,
ಬೆಂಕಿ ಕಾಯಿಸುವವನಂತೆ.
ಅತ್ತ ತಿರುಗಿದಾಗ ಗುಬುಟು ಒಂದು ಗೆರೆ ಏರಿಸುತ್ತೇನೆ.
ಕೆಳಮನೆಯ ಹುಡುಗ ಪೊರಕೆಯಿಂದ ಸೂರು ಕುಟ್ಟುತ್ತಾನೆ,
ಇವನು ಅದನ್ನು ತಾಳ ಅಂದುಕೊಂಡು ತಲೆದೂಗುತ್ತಾನೆ.

ಅವನು ಮಲಗಿದ ಮೇಲೆ ಒಬ್ಬಳೇ ಸ್ವಲ್ಪ ಹೊತ್ತು.
ಬೆಂಚಿನಲ್ಲಿ ಒಂದು ದಿನ, ಕೈ ಎತ್ತುವ ಮೊದಲೇ
ನಗು ಬಂದುಬಿಟ್ಟಿತ್ತು ನನಗೆ.
ಅದನ್ನೂ ಸದ್ದಿಲ್ಲದೆ ಒಳ್ಳೆಯವುಗಳ ತಟ್ಟೆಗೆ ಸೇರಿಸಿದ್ದೆ.
ಆ ವಾಲ್ವು ಯಾವ ದೇಶದಲ್ಲಿದೆಯೋ,
ಇಲ್ಲೇ ಇದೆಯೋ.
ಇವನಿಗಿನ್ನೂ ಹೇಳಿಲ್ಲ.

ಆರಿಸುತ್ತೇನೆ. ತಣಿವ ಗಾಜು ಟಿಣ್ ಅನ್ನುತ್ತದೆ.
ಕೋಟನ್ನು ಮತ್ತೆ ಸ್ಪೀಕರಿಗೆ ತೂಗುಹಾಕಿ
ಮಲಗಲು ಹೋಗುತ್ತೇನೆ.