ಕೊಳೆಮೂಲ

ನದಿಮೂಲ, ಋಷಿಮೂಲ ಕೆದಕಬಾರದು ಅಂತಾರೆ.
ಕೊಳೆಮೂಲ ಕೆದಕಲೇಬೇಕು;
ಫ್ರೀಸ್‌ಲ್ಯಾಂಡಿನಲ್ಲಿ ಅದಕ್ಕೆ ಸಂಬಳವುಂಟು.

ಮೂವತ್ತೊಂದು ಜೂನ್ ತಿಂಗಳು ಬೌಕ್ಯೆ
ಕಡಲಿನಿಂದ ಕಿತ್ತುಕೊಂಡ ಈ ಸಪಾಟು ನೆಲದಲ್ಲಿ
ಬೀಜದ ಆಲೂಗಡ್ಡೆಯ ಸಾಲು ಹಿಡಿದು ನಡೆದವಳು.
ಎಲೆ ಕೊಂಚ ಮುದುಡಿ, ಹಳದಿಗಿಟ್ಟು,
ಬುಡ ಮಸಿಯಾದ ಗಿಡ ಕಂಡರೆ
ಮಂಡಿಯೂರುತ್ತಾಳೆ, ಮಣ್ಣಿಗೆ ಬೆರಳಿಳಿಸುತ್ತಾಳೆ.
ಸಿಗುವುದು ತಾಯಿಗೆಡ್ಡೆ:
ಸಿಪ್ಪೆಯದೊಂದು ಚೀಲ, ಒಳಗೆಲ್ಲ ಗಂಜಿ,
ಮೀನು ಕೆಟ್ಟ ವಾಸನೆ.
ಸುತ್ತ ಗೋಲಿಯಷ್ಟು ಮಕ್ಕಳು,
ಬೆಳ್ಳಗೆ, ಏನೂ ಅರಿಯದ ಹಾಗೆ.

ಇದರ ಮುತ್ತಜ್ಜಿ ಹುಟ್ಟಿದ್ದು ಗಾಜಿನ ನಳಿಕೆಯಲ್ಲಿ.
ಮಣ್ಣೆಂದರೇನೆಂದೇ ಗೊತ್ತಿರಲಿಲ್ಲ ಅದಕ್ಕೆ.
ಮತ್ತೆ ಇದು ಎಲ್ಲಿಂದ?

ನೆರೆಯವನ ತಿಪ್ಪೆಯಿಂದ, ಅನ್ನುತ್ತಾನೆ ವೀಬ್ರನ್.
ಹೋದ ಚಳಿಗಾಲ ಅವನೆಸೆದ ರಾಶಿ, ಅದರ ಮೇಲೆ ನೊಣ,
ನೊಣದ ಕಾಲು ನನ್ನ ಗಿಡದ ಗಾಯದ ಮೇಲೆ.
ನೆರೆಯವನು ಕಾಲುವೆ ತೋರಿಸುತ್ತಾನೆ.
ಕಾಲುವೆಯಾಚೆಯವರು ಮೋಡ ತೋರಿಸುತ್ತಾರೆ:
ಬಳ್ಳಿ ಕತ್ತರಿಸುವ ಯಂತ್ರ ಎಬ್ಬಿಸಿದ ತುಂತುರು
ಗಾಳಿ ಹತ್ತಿ ಹರದಾರಿ ಹೋಗುತ್ತದಂತೆ.
ಮೋಡಕ್ಕೆ ತೋರಿಸಲು ಬೆರಳಿಲ್ಲ.
ಸುಮ್ಮನೆ ಸುರಿಯಿತು.

ಬೌಕ್ಯೆ ಎಲ್ಲವನ್ನೂ ಲ್ಯಾಬಿಗೆ ತಂದಳು.
ಜಾಮ್ ಬಾಟಲಿಯಲ್ಲಿ ಕಾಲುವೆ ನೀರು,
ಗಡ್ಡೆ ಆರಿಸುವ ಯಂತ್ರದ ರಬ್ಬರಿಗಂಟಿದ ಕೆಸರು,
ಆರು ನೊಣ. ಒಂದು ಲೋಟ ಮಳೆ.
ಲ್ಯಾಬಿನ ಹುಡುಗಿ ಮಾರಿತ್, ಇಪ್ಪತ್ತಮೂರರವಳು,
ನೇರಳೆ ಲೋಳೆಯ ತಟ್ಟೆಗಳಿಗೆ ಒಂದೊಂದೇ ಸವರಿ,
ಒಂದು ತಟ್ಟೆ ಮಿಕ್ಕಿತಲ್ಲ, ಅಂದಳು,
ನಿಮ್ಮ ಕೈ ಒತ್ತಿ. ತಮಾಷೆಗೆ.
ಮೂರು ಬೆರಳಷ್ಟೇ ಹಿಡಿಸಿದವು.

ಎರಡು ರಾತ್ರಿ ಕಳೆದು,
ಮಳೆಯ ತಟ್ಟೆಯಲ್ಲಿ ಏನಿಲ್ಲ.
ಕಾಲುವೆಯದರಲ್ಲಿ ಒಂದೆರಡು, ಕೆಸರಿನಲ್ಲಿ ಒಂಬತ್ತು,
ನೊಣದ್ದು ನಾಲ್ಕು.
ಬೆರಳ ಗುರುತಿನುದ್ದಕ್ಕೂ ಮಾತ್ರ
ಲೋಳೆ ಕುಸಿದು ಕುಳಿ ಕುಳಿ ಕುಳಿ,
ಧೂಳಿನಂಗಳದಲ್ಲಿ ಮೊದಲ ಹನಿಗಳು ಬಿದ್ದ ಹಾಗೆ.

ಮಾರಿತ್ ನಗಲಿಲ್ಲ. ತೊಳೆದಿದ್ದಿರಾ, ಕೇಳಿದಳು.
ತೊಳೆದಿದ್ದೆ.
ಎಲ್ಲಿ?
ಕಾಲುವೆಯಲ್ಲಿ.

ಮರುದಿನ ಹದಿನಾಲ್ಕನೇ ಸಾಲು, ಮತ್ತೊಂದು ಕಪ್ಪು ಬುಡ.
ಬೌಕ್ಯೆ ಬಾಗಲಿಲ್ಲ.
ಕೈ ಕೋಟಿನ ಜೇಬಿನಲ್ಲಿಟ್ಟು ನಿಂತಳು,
ಪರರ ಮನೆಯಲ್ಲಿ ಮಗುವನ್ನು ನಿಲ್ಲಿಸಿದಂತೆ.
ಎಷ್ಟು ಗಿಡ ಕಿತ್ತೆ, ಕಿತ್ತ ಕೈಯಲ್ಲೇ
ಎಷ್ಟು ಒಳ್ಳೆಯ ಗಿಡಗಳ ಎಲೆ ಸರಿಸಿ ನೋಡಿದೆ.

ಬದುವಿನಿಂದ ವೀಬ್ರನ್ ಕೂಗಿದ:
ಏನು, ಸಿಕ್ಕಿತೇ ಮೂಲ?

ಕೈಗವಸು ತಾ, ಅಂದಳು.
ಎರಡು ಜೊತೆ.
ಒಂದು ನಿನಗೆ.