ಕೆಂಪು ಗೆರೆ

ಸೊಹಾರ್. ಪೋರ್ಟಾಕ್ಯಾಬಿನ್ನಿನ ಗೋಡೆ ತುಂಬ
ನಾನೆಳೆದ ಪಟ್ಟಿಗಳು, ಒಂದರ ಬಾಲ ಹಿಡಿದು ಇನ್ನೊಂದು:
ಅಗೆತ, ಕಂಬಿ, ಕಾಂಕ್ರೀಟು.
ಕೆಂಪು ಗೆರೆಯಲ್ಲಿ ಒಂದು ದಿನ ಜಾರಿದರೆ
ಇಡೀ ಟ್ಯಾಂಕು ಜಾರುತ್ತದೆ.

"ಇಪ್ಪತ್ತೆಂಟನ್ನು ಹದಿನಾಲ್ಕು ಮಾಡು" ಎಂದರು ಮ್ಯಾನೇಜರು.
ಹಸನಬ್ಬ ಒದ್ದೆ ಗೋಣಿ ಸರಿಸಿ
ತಳಪಾಯಕ್ಕೆ ಹೆಬ್ಬೆರಳೊತ್ತಿದ:
"ಇದಕ್ಕೆ ಓದಲಿಕ್ಕೆ ಬರುವುದಿಲ್ಲ ಸಾರ್."

ಜುಲೈ. ಮಧ್ಯಾಹ್ನದ ಮೂರು ತಾಸು ಕಳೆದೆ,
ರಾತ್ರಿಗೆ ಐಸಿನ ಲಾರಿ ಕೂಡಿಸಿದೆ,
ಮತ್ತೆ ಎಣಿಸಿದೆ.

ಬಿಡುವಿರುವ ಕೆಲಸವನ್ನು ಮುಂದೂಡಬಹುದು; ನಿಯಮ.
ಹಾಗೆಂದೇ ಹಸನಬ್ಬನ ಊರಿನ ರಜೆ
ಮೂರು ಸಲ ಬಲಕ್ಕೆ ಸರಿದಿದೆ.

ಈ ಸಲ ಅದನ್ನು ಕೆಂಪು ಗೆರೆಗೇ ಕಟ್ಟಿದೆ,
ಹೆಸರು ಬದಲಿಸಿ: ಕ್ಯೂರಿಂಗ್, ಎರಡನೇ ಹಂತ.

ಮ್ಯಾನೇಜರು ಕನ್ನಡಕ ಏರಿಸಿದರು. "ಇದೇನು?"
ಯಾರೂ ಮುಟ್ಟುವಂತಿಲ್ಲ, ಎಂದೆ.
ಇಪ್ಪತ್ತೆಂಟು ದಿನ.
ಬರೀ ನೀರು.