ಬೆಂಗ್ರೆಗೆ ಎರಡು ರಾತ್ರಿ

ಏಪ್ರಿಲ್ ಎಂಟಕ್ಕೆ ನನ್ನ ಹನ್ನೊಂದು ಮಕ್ಕಳೂ
ಒಂದೇ ಮಧ್ಯಾಹ್ನ ಆಟೋ ಇಳಿದು ಹೋದವು.
ಬ್ಯಾಗು ನೇತುಹಾಕುವ ಕೊಕ್ಕೆಗಳೆಲ್ಲ ಖಾಲಿ.
ಶಾಲೆಗೆ ರಜೆ ಅಂದರೆ ಶಾಲೆಯ ಆಟೋಗೂ ರಜೆ,
ಸಾಲದ ಕಂತಿಗೆ ಮಾತ್ರ ಇಲ್ಲ.

ಮನೆಯಲ್ಲಿ ಉಳಿದದ್ದು ನಮ್ಮವೇ ಎರಡು.
ಕೃತಿಕನಿಗೆ ಏಳು, ಧನುವಿಗೆ ನಾಲ್ಕು ತುಂಬಿಲ್ಲ.
ಪಕ್ಕದವರು ಊಟಿಗೆ ಹೋದರಂತೆ.
"ಊಟಿ ಅಂದ್ರೆ ಊಟ ಸಿಗುವಲ್ಲಾ?" ಕೇಳಿದಳು ಧನು.
ಹೌದು ಅಂದೆ. ಅವತ್ತಿಗೆ ಮುಗಿಯಿತು.

ಒಂದು ರಿಸಾರ್ಟಿಗೆ ಫೋನು ಮಾಡಿದೆ, ಸುಮ್ಮನೆ.
ಒಂದು ರಾತ್ರಿಗೆ ಅವನು ಹೇಳಿದ ರೇಟು
ಎಂಟು ಮಕ್ಕಳ ಒಂದು ತಿಂಗಳು.
"ತಿಂಡಿ ಸೇರಿ ಸಾರ್" ಅಂದ.
ಯೋಚನೆ ಮಾಡಿ ಹೇಳ್ತೇನೆ ಅಂದೆ, ದೊಡ್ಡವರ ಹಾಗೆ.

ಆ ರಾತ್ರಿ ಕರೆಂಟು ಬಿಲ್ಲಿನ ಬೆನ್ನಿಗೆ
ಸುಕೇಶಿ ಗೆರೆ ಎಳೆದಳು.
ಗಾಡಿ ನಮ್ಮದೇ, ಗ್ಯಾಸಿಗೆ ಇನ್ನೂರು.
ಸಂತೆಕಟ್ಟೆ, ಕೆಮ್ಮಣ್ಣು, ಹೂಡೆ, ಕೋಡಿಬೆಂಗ್ರೆ.
ಟಾರ್ಪಾಲು ಸ್ಟ್ಯಾನಿಯದ್ದು, ಟೈಲ್ಸ್ ಮುಚ್ಚುವಂಥದ್ದು;
ಬಾಡಿಗೆ ಬೇಡ, ಒಣಗಿಸಿ ಮಡಚಿ ಕೊಡು ಅಂದಿದ್ದಾನೆ.
ಜಾಗ: ಲೀಲಕ್ಕನ ಹಿತ್ತಿಲು, ಹೊಳೆಬದಿ.
ತೆಂಗಿನ ಬುಡದಲ್ಲಿ ಅಲ್ಲ (ಇದಕ್ಕೆ ಎರಡು ಗೆರೆ),
ಕಾಯಿ ಬೀಳುತ್ತದೆ.
ಕುಚ್ಚಲಕ್ಕಿ, ಉಪ್ಪಿನಕಾಯಿ, ಒಂದು ತೂತಿಲ್ಲದ ಚೊಂಬು.
ಸೊಳ್ಳೆಬತ್ತಿ. ಜ್ವರದ ಸಿರಪ್ಪು.
ಕಡವಿನ ದೋಣಿಗೆ ಎಷ್ಟೋ, ಕೇಳಬೇಕು.
ಐಸ್‌ಕ್ಯಾಂಡಿ, ತಲೆಗೊಂದು.
"ದಿನಕ್ಕೆ" ಅಂತ ಕೃತಿಕ ನಡುವೆ ತುರುಕಿಸಿದ.

ಕಡಲಿಗೆ ಇಳಿಯುವುದಿಲ್ಲ, ದೂರದಿಂದ ನೋಡುವುದು.
ಹೊಳೆಗೆ ಮಾತ್ರ, ಇಳಿತದ ಹೊತ್ತಿಗೆ,
ಮೊಣಕಾಲು ಮುಳುಗದಲ್ಲಿ.
"ಯಾರ ಮೊಣಕಾಲು?" ಅಂದಳು ಸುಕೇಶಿ.
ಧನುವಿನದ್ದು ಅಂತ ಬರೆದೆ.

ಗೇರುಬೀಜದ ಫ್ಯಾಕ್ಟರಿಯಲ್ಲಿ
ಅವಳು ಸೋಮವಾರಕ್ಕೆ ರಜೆ ಕೇಳಿದಳು.
ಕಾರಣ ಎಂಬಲ್ಲಿ "ಮನೆಕೆಲಸ".

ಶನಿವಾರ ರಾತ್ರಿ ಗಾಳಿಗೆ ಟಾರ್ಪಾಲು ಪಟಪಟ,
ನಾನು ಕಟ್ಟಿದ ಗಂಟು ಬಿಚ್ಚಿ, ಸುಕೇಶಿ ಕಟ್ಟಿದ್ದು ನಿಂತು,
ಹನ್ನೊಂದು ಗಂಟೆಗೆ ಧನು: "ಮನೆಗೆ ಹೋಗುವ."
ಎತ್ತಿ ಆಟೋದಲ್ಲಿ ಮಲಗಿಸಿದೆವು.
ಹನ್ನೊಂದು ಮಕ್ಕಳು ಕಚ್ಚಾಡುವ ಸೀಟಿನಲ್ಲಿ
ಎರಡೇ ಎರಡು, ಕಾಲು ಚಾಚಿ.
ನಾವು ಹೊರಗೆ ಚಾಪೆಯಲ್ಲಿ.
ಮದುವೆಯಾದ ಮೇಲೆ ಆಕಾಶದ ಕೆಳಗೆ
ನಾವಿಬ್ಬರೇ ಮಲಗಿದ್ದು ಅದೇ ಮೊದಲು;
ಮಾತಾಡಿದ್ದು ಗ್ಯಾಸಿನ ಬಗ್ಗೆ.

ಭಾನುವಾರ ಹೊಳೆ ಹಿಂದೆ ಸರಿಯಿತು.
ಲೀಲಕ್ಕ ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿದರು:
"ಕಣ್ಣು ಬೇಡ ಮಕ್ಕಳೇ, ಕಾಲಲ್ಲಿ ಹುಡುಕಿ.
ಕಲ್ಲಿನ ಹಾಗೆ ಉಂಟು, ಕಲ್ಲಲ್ಲ, ಅದು ಮರುವಾಯಿ."
ಮೊದಲು ತಿಳಿದದ್ದು ಎಲ್ಲರಿಗಿಂತ ಸಣ್ಣ ಪಾದಕ್ಕೆ.
ಧನು ಕೂಗಿದಳು, ಹೆದರಿದಳು,
ಮತ್ತೆ ಅದೇ ಜಾಗ ತುಳಿದಳು.
ಎರಡು ಗಂಟೆ ಯಾರೂ ಐಸ್‌ಕ್ಯಾಂಡಿ ಕೇಳಲಿಲ್ಲ.
ಬೆನ್ನು ಸುಟ್ಟದ್ದು ರಾತ್ರಿ ಗೊತ್ತಾಯಿತು,
ತೆಂಗಿನೆಣ್ಣೆ ನಮ್ಮ ಪಟ್ಟಿಯಲ್ಲಿ ಇರಲಿಲ್ಲ,
ಲೀಲಕ್ಕನ ಅಡುಗೆಮನೆಯಲ್ಲಿ ಇತ್ತು.

ಮೂರು ಕಲ್ಲಿನ ಒಲೆ, ಅದರ ಮೇಲೆ ಸುಕ್ಕ.
ಕೃತಿಕ ಬಿಲ್ಲು ಬಿಡಿಸಿ ಹಿಡಿದು ಕೇಳಿದ,
"ಅಪ್ಪ, ಬಂದದ್ದನ್ನು ಎಲ್ಲಿ ಬರೆಯುವುದು?"
ನಾವು ಗೆರೆ ಎಳೆದದ್ದೆಲ್ಲ ಹೋಗುವುದಕ್ಕೆ.
ಜಾಗ ಹುಡುಕಿ, ಅಡ್ಡ ಬರೆದ: ಮರುವಾಯಿ 63.

ಮಂಗಳವಾರ ಮೆಸ್ಕಾಂ ಕೌಂಟರಿನಲ್ಲಿ
ಕೊನೆಯ ದಿನ, ಉದ್ದದ ಕ್ಯೂ.
ಕನ್ನಡಕದ ಹುಡುಗಿ ದುಡ್ಡು ಎಣಿಸಿ
ಬಿಲ್ಲು ತಿರುಗಿಸಿದಳು, ಓದಿದಳು,
ಕೈಯಲ್ಲಿ ಸೀಲು ಎತ್ತಿದ್ದು ಹಾಗೇ ನಿಂತಿತು.
ಹಿಂದಿನವರು ಕೆಮ್ಮಿದರು.
"ಎಲ್ಲಿ ಸಿಕ್ಕಿತು ಇಷ್ಟು?"
ನನ್ನವೂ ಎರಡು ಉಂಟು, ಅಂದಳು, ಸಣ್ಣವು.

ಇಳಿತ ನೋಡಿ ಹೋಗಬೇಕು, ಅಂದೆ.
ಎಣ್ಣೆ ಮರೆಯಬೇಡಿ.